ಶುಶ್ರೂಷೆ ಎಂದರೆ ಕೇಳುವ ಬಯಕೆ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಹಾದಿಯಲ್ಲಿ ನೊಣವಿನಕೆರೆ ಸಿಗುತ್ತದೆ. ದೊಡ್ಡ ಕೆರೆ, ಅದರ ಸುತ್ತ ತೆಂಗಿನ ತೋಟಗಳು, ತೆಂಗಿನ ನಡುನಡುವೆ ಅಡಿಕೆ. ಈ ಸೀಮೆಯಲ್ಲಿ ಮಗಳು ಹೆರಿಗೆಗೆಂದು ತವರಿಗೆ ಬಂದಳೆಂದರೆ ಮನೆಯ ಒಂದು ಕೋಣೆ ಬಾಣಂತಿ ಕೋಣೆಯಾಗುತ್ತದೆ. ಕಿಟಕಿಗೆ ಹಳೆಯ ಕಂಬಳಿ ಏರುತ್ತದೆ. ಕೆಂಡದ ಮೇಲೆ ಸಾಂಬ್ರಾಣಿ ಬೀಳುತ್ತದೆ. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಶಕ್ತಿ ಬರಲೆಂದು ಕೊಬ್ಬರಿ ಹಾಕಿದ ಅಂಟಿನುಂಡೆ. ನೀರು ಮಾತ್ರ ಲೆಕ್ಕದ್ದು. ಹೆಚ್ಚು ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಎಂಬುದು ಹಿರಿಯರ ಮಾತು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಬರಬೇಕೆಂಬುದು ಸರ್ಕಾರದ ನಿಯಮ: 3, 7, 14, 21, 28 ಮತ್ತು 42ನೆಯ ದಿನ. ಹೀಗೆ ಬಂದವಳು ಕೋಣೆಯ ಬಾಗಿಲಲ್ಲಿ ನಿಂತು ಹೇಳುವುದೇನು? ಹೊಗೆ ಮಗುವಿನ ಉಸಿರಿಗೆ ಕೆಟ್ಟದ್ದು, ಕಿಟಕಿ ತೆಗೆಯಿರಿ, ಹಾಲೂಡಿಸುವ ತಾಯಿಗೆ ಬಾಯಾರಿದಷ್ಟೂ ನೀರು ಕೊಡಿ, ಹೊಕ್ಕುಳಿಗೆ ಎಣ್ಣೆ ಅರಿಸಿನ ಏನನ್ನೂ ಹಚ್ಚಬೇಡಿ. ಒಳಗಿನಿಂದ ಅಜ್ಜಿಯ ಉತ್ತರ ಸಿದ್ಧವಾಗಿರುತ್ತದೆ: 'ನಾವೆಲ್ಲ ಹಿಂಗೇ ಹಡೆದು ಬದುಕಿಲ್ಲವೇ?'

ಮೇಲ್ನೋಟಕ್ಕೆ ಇದು ತಿಳಿದವರಿಗೂ ತಿಳಿಯದವರಿಗೂ ನಡೆಯುವ ವಾದದಂತೆ ಕಾಣುತ್ತದೆ. ಆದರೆ ಸ್ವಲ್ಪ ಯೋಚಿಸಿದರೆ ವಿಷಯ ಅಷ್ಟು ಸರಳವಲ್ಲ. ಅಜ್ಜಿಗೆ ಬೇಕಿರುವುದು ಮೊಮ್ಮಗುವಿನ ಕ್ಷೇಮ. ಆಶಾ ಕಾರ್ಯಕರ್ತೆಗೆ ಬೇಕಿರುವುದೂ ಅದೇ. ಮೇಲಾಗಿ ಆಕೆ ಹೊರಗಿನವಳೂ ಅಲ್ಲ. ಆಶಾ ಆಗಲು ಅದೇ ಊರಿನಲ್ಲಿ ನೆಲೆಸಿದ ಹೆಣ್ಣುಮಗಳೇ ಆಗಿರಬೇಕು. ಅವಳ ಬಾಣಂತನವೂ ಇಂಥದೇ ಕೋಣೆಯಲ್ಲಿ, ಇಂಥದೇ ಹೊಗೆಯಲ್ಲಿ ಕಳೆದಿರಬಹುದು. ಹಾಗಿದ್ದರೆ ಬಾಗಿಲಲ್ಲಿ ನಿಂತು ಮಾತನಾಡುತ್ತಿರುವುದು ತರಬೇತಿಯೋ, ಅವಳ ಸ್ವಂತ ನಂಬಿಕೆಯೋ? ಎರಡೂ ಬೇರೆಯಾದಾಗ ಯಾವುದು ಗೆಲ್ಲಬೇಕು? ಶುಶ್ರೂಷಾ ಶಾಸ್ತ್ರದಲ್ಲಿ 'ವೈಯಕ್ತಿಕ ಮೌಲ್ಯಗಳು' ಎಂಬ ಹೆಸರಿನಲ್ಲಿ ಚರ್ಚೆಯಾಗುವುದು ಈ ಪ್ರಶ್ನೆಯೇ.

ಚೀಲದ ತೂಕ

ಮೌಲ್ಯ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಕೇಳಿ ಕೇಳಿ ಸವೆಸಿದ್ದೇವೆ. ಶುಶ್ರೂಷೆಯ ಪಾಠದಲ್ಲಿ ಅದಕ್ಕೆ ನಿರ್ದಿಷ್ಟ ಅರ್ಥವಿದೆ. ಯಾವುದು ಒಳ್ಳೆಯದು, ಯಾವುದು ಹೇಸಿಗೆ, ಯಾವುದು ಮರ್ಯಾದೆ, ಯಾವುದಕ್ಕಾಗಿ ಏನನ್ನು ಬಿಟ್ಟುಕೊಡಬಹುದು ಎಂಬ ಬಗ್ಗೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಲೆಕ್ಕ ಇರುತ್ತದೆ. ಮನೆಯಿಂದ, ಜಾತಿಯಿಂದ, ಧರ್ಮದಿಂದ, ಶಾಲೆಯಿಂದ ಬಂದ ಲೆಕ್ಕ ಅದು. ಹೆಚ್ಚಿನ ಸಲ ಅದು ನಮ್ಮೊಳಗೆ ಇದೆ ಎಂಬುದೇ ನಮಗೆ ಗೊತ್ತಿರುವುದಿಲ್ಲ.

ಅಮೆರಿಕದ ಶಿಕ್ಷಣ ತಜ್ಞರಾದ ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್ ಮತ್ತು ಸಿಡ್ನಿ ಸೈಮನ್ 1966ರಲ್ಲಿ ಈ ಲೆಕ್ಕವನ್ನು ಪರೀಕ್ಷಿಸಿ ನೋಡುವ ಒಂದು ಕ್ರಮವನ್ನು ಸೂಚಿಸಿದರು. ಈ ನಂಬಿಕೆಯನ್ನು ನಾನು ಬೇರೆ ದಾರಿಗಳನ್ನೂ ನೋಡಿ ಸ್ವಂತವಾಗಿ ಆರಿಸಿಕೊಂಡೆನೇ? ನಾಲ್ಕು ಜನರ ಎದುರು ಹೇಳಿಕೊಳ್ಳುವಷ್ಟು ಅದರ ಬಗ್ಗೆ ನನಗೆ ಅಭಿಮಾನವಿದೆಯೇ? ನನ್ನ ನಡವಳಿಕೆಯಲ್ಲಿ ಅದು ಮತ್ತೆ ಮತ್ತೆ ಕಾಣುತ್ತದೆಯೇ? ಶಾಲಾ ಮಕ್ಕಳಿಗೆಂದು ರೂಪಿಸಿದ ಈ ಪ್ರಶ್ನೆಗಳು ಮುಂದೆ ನರ್ಸಿಂಗ್ ಪಠ್ಯಗಳನ್ನೂ ಸೇರಿದವು.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಚೀಲದ ತೂಕವನ್ನು ಕಳೆಯದೆ ಕೊಬ್ಬರಿಯ ತೂಕ ಹೇಳಲಾಗದು. ರೋಗಿಯ ಮುಂದೆ ನಿಂತ ದಾದಿಯೂ ತನ್ನ ಚೀಲದ ತೂಕವನ್ನು ಮೊದಲು ತಿಳಿದಿರಬೇಕು. ಇಲ್ಲವಾದರೆ ತನಗೆ ಇಷ್ಟವಿಲ್ಲದ್ದನ್ನೆಲ್ಲ ಅನಾರೋಗ್ಯವೆಂದೂ, ತಾನು ಬೆಳೆದ ರೀತಿಯನ್ನೆಲ್ಲ ಆರೋಗ್ಯವೆಂದೂ ತಿಳಿದುಬಿಡುವ ಅಪಾಯವಿದೆ.

ಅಂತಾರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ನೀತಿ ಸಂಹಿತೆಯನ್ನು ಅಂಗೀಕರಿಸಿತು. ಹಲವು ಬಾರಿ ತಿದ್ದುಪಡಿಗೊಂಡ ಈ ಸಂಹಿತೆಯ ಇತ್ತೀಚಿನ ರೂಪ 2021ರದು. ಆರೋಗ್ಯವನ್ನು ಬೆಳೆಸುವುದು, ರೋಗವನ್ನು ತಡೆಯುವುದು, ಆರೋಗ್ಯವನ್ನು ಮರಳಿ ತರುವುದು, ನೋವನ್ನು ಕಡಿಮೆ ಮಾಡುವುದು ದಾದಿಯ ಹೊಣೆ ಎಂದು ಅದು ಹೇಳುತ್ತದೆ. ಜೊತೆಗೆ ರೋಗಿಯ ನಂಬಿಕೆ, ಆಚಾರ, ಮೌಲ್ಯಗಳನ್ನು ಗೌರವಿಸಬೇಕೆಂದೂ ಹೇಳುತ್ತದೆ. ಇವೆರಡೂ ಒಂದಕ್ಕೊಂದು ಅಡ್ಡ ಬಂದಾಗ ಏನು ಮಾಡಬೇಕು ಎಂಬುದೇ ಕಷ್ಟದ ಪ್ರಶ್ನೆ.

ಮೈಲಿಗೆಯೆನಿಸಿದ ಕೆಲಸ

ನಮ್ಮಲ್ಲಿ ಈ ವೃತ್ತಿಯ ಹುಟ್ಟೇ ಮೌಲ್ಯಗಳ ಘರ್ಷಣೆಯ ನಡುವೆ ಆಯಿತು. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದದ್ದು 1860ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಆಧುನಿಕ ಆಸ್ಪತ್ರೆಗಳು ಒಂದೊಂದಾಗಿ ಬಂದವು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರಲ್ಲಿ, ವಿಕ್ಟೋರಿಯಾ 1900ರಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ, ಹೆಂಗಸರು ಮಕ್ಕಳಿಗೆಂದೇ ವಾಣಿವಿಲಾಸ 1935ರಲ್ಲಿ. ಕಟ್ಟಡ ಎದ್ದಷ್ಟು ಸುಲಭವಾಗಿ ದಾದಿಯರು ಸಿಗಲಿಲ್ಲ. ರಕ್ತ, ಕೀವು, ಮಲಮೂತ್ರ ಮುಟ್ಟುವ ಕೆಲಸ, ಪರಪುರುಷರ ಮೈ ಮುಟ್ಟುವ ಕೆಲಸ, ರಾತ್ರಿ ಪಾಳಿ. 'ಒಳ್ಳೆಯ ಮನೆತನ'ದವರು ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪಲಿಲ್ಲ. ಈ ಹೊರೆಯನ್ನು ದೀರ್ಘಕಾಲ ಹೊತ್ತವರಲ್ಲಿ ಕ್ರೈಸ್ತ ಹೆಣ್ಣುಮಕ್ಕಳು ಬಹಳ ಮಂದಿ.

ಹಳ್ಳಿಯ ಸೂಲಗಿತ್ತಿಯ ಕತೆಯೂ ಬೇರೆಯಲ್ಲ. ನೋವು ಬಂದಾಗ ನಡುರಾತ್ರಿಯಲ್ಲಿ ಅವಳನ್ನು ಒಳಕೋಣೆಗೆ ಕರೆಯುತ್ತಿದ್ದರು. ಪುರುಡು ಕಳೆದ ಮೇಲೆ ಅನೇಕ ಊರುಗಳಲ್ಲಿ ಅವಳ ಜಾಗ ಮತ್ತೆ ಹೊಸ್ತಿಲಾಚೆಗೇ. ಮಗುವನ್ನು ಭೂಮಿಗೆ ತಂದ ಕೈ ಮರುದಿನ ಮುಟ್ಟಬಾರದ ಕೈ.

ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ಲೆಕ್ಕವನ್ನು ತಿರುವಿಹಾಕಿದವರು. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಅವರು ಸುಮಾರು 15,000 ಹೆರಿಗೆ ಮಾಡಿಸಿದರೆಂದು ಹೇಳಲಾಗುತ್ತದೆ. ಯಾರಿಂದಲೂ ಕೂಲಿ ಕೇಳಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ತಾಯಿಯ ಜೀವಕ್ಕೆ ಅಪಾಯ ಬಂದಾಗ ರಕ್ತ, ಔಷಧ, ಶಸ್ತ್ರಚಿಕಿತ್ಸೆ ಬೇಕೇ ಬೇಕು. ಆದರೆ ಆಸ್ಪತ್ರೆಗೆ ಹೋದ ಗರ್ಭಿಣಿ ಅಲ್ಲಿ ಹುಡುಕುವುದು ನರಸಮ್ಮನಂಥವರು ಕೊಡುತ್ತಿದ್ದ ಇನ್ನೊಂದನ್ನೂ. ಬೆನ್ನು ನೀವುವ ಕೈ, ಗದರದ ಮಾತು, ಕೊನೆಯವರೆಗೆ ಜೊತೆಗಿರುವ ಒಬ್ಬಳು. ಇದನ್ನು ಕೊಡುವುದಕ್ಕೆ ಯಂತ್ರ ಬೇಕಿಲ್ಲ. ಕೊಡಬೇಕು ಎಂಬ ಮೌಲ್ಯ ಬೇಕು.

ಹಟ್ಟಿಯ ಹೊರಗಿನ ಗುಡಿಸಲು

ಗೌರವಕ್ಕೂ ಒಂದು ಗಡಿ ಇದೆಯೇ? ಇದೆ ಎಂದು ತೋರಿಸುವ ದುಃಖದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ.

ಚಿಕ್ಕನಾಯಕನಹಳ್ಳಿ, ಶಿರಾ, ಗುಬ್ಬಿ, ತುಮಕೂರು ತಾಲ್ಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಜುಂಜಪ್ಪ, ಎತ್ತಪ್ಪನಂಥ ವೀರರ ಕಾವ್ಯಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಪಶುಪಾಲಕ ಸಮುದಾಯ ಇದು. ಹಟ್ಟಿಯೊಳಗೆ ದೇವರಿರುವುದರಿಂದ ಮುಟ್ಟಾದವರು, ಹಡೆದವರು ಹೊರಗಿರಬೇಕು ಎಂಬ ಕಟ್ಟುಪಾಡು ಅನೇಕ ಕಡೆ ಉಳಿದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಬಾಣಂತಿಯೊಬ್ಬರನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆಗಾಲದ ಶೀತಕ್ಕೆ ಸಿಕ್ಕಿದ ಹಸುಗೂಸು ಬದುಕಲಿಲ್ಲ. ಪ್ರಕರಣ ದಾಖಲಾಯಿತು, ಅಧಿಕಾರಿಗಳು ಹಟ್ಟಿಗೆ ಬಂದರು, ರಾಜ್ಯದಾದ್ಯಂತ ಸುದ್ದಿಯಾಯಿತು.

ನವಜಾತ ಶಿಶುವಿಗೆ ಚಳಿ ಎಂದರೇನು ಎಂಬುದನ್ನು ಇಲ್ಲಿ ತಿಳಿಯಬೇಕು. ಅದರ ಮೈ ಚಿಕ್ಕದು, ಚರ್ಮದಡಿಯ ಕೊಬ್ಬು ಕಡಿಮೆ. ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಅದಕ್ಕೆ ಬಾರದು. ಮೈ ತಣ್ಣಗಾದರೆ ಹಾಲು ಚೀಪುವ ಶಕ್ತಿ ಕುಂದುತ್ತದೆ; ಹಾಲು ಸಿಗದಿದ್ದರೆ ಮೈ ಇನ್ನೂ ತಣ್ಣಗಾಗುತ್ತದೆ. ಕಡಿಮೆ ತೂಕದ ಕೂಸಿಗೆ ಈ ಸುಳಿಯಿಂದ ಪಾರಾಗುವುದು ಕಷ್ಟ. ಆದ್ದರಿಂದಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಗುವನ್ನು ಕಟ್ಟಿಕೊಳ್ಳುವ 'ಕಾಂಗರೂ ಆರೈಕೆ'ಯನ್ನು ಆಸ್ಪತ್ರೆಗಳು ಕಲಿಸುತ್ತವೆ.

ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರ ಹೊರಗಿಡುವುದು ಕರ್ನಾಟಕದಲ್ಲಿ 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ನಿರ್ಮೂಲನೆ ಕಾಯಿದೆಯಂತೆ ಅಪರಾಧ. ಕಾಯಿದೆ ಸ್ಪಷ್ಟವಾಗಿದೆ. ಸ್ಪಷ್ಟವಿಲ್ಲದಿರುವುದು ಹಟ್ಟಿಯಲ್ಲೇ ಹುಟ್ಟಿ ಬೆಳೆದ ಆಶಾ ಕಾರ್ಯಕರ್ತೆಯ ಸ್ಥಿತಿ. ಸುದ್ದಿ ಕೊಟ್ಟರೆ ನೆಂಟರಿಗೆಲ್ಲ ವೈರಿ. ಕೊಡದಿದ್ದರೆ ಕೂಸಿಗೆ ಅಪಾಯ. ಅವಳೂ ಪ್ರತಿ ತಿಂಗಳು ಅದೇ ಕಟ್ಟುಪಾಡಿಗೆ ತಲೆಬಾಗಿದವಳಾಗಿದ್ದರೆ ತಪ್ಪು ಎಂದು ಹೇಳಲು ಬಾಯಿ ಬರುವುದು ಹೇಗೆ? 'ದೇವರಿಗೆ ಮೈಲಿಗೆಯಾದರೆ' ಎಂಬ ಭಯ ಅವಳೊಳಗೂ ಇದ್ದರೆ? ತರಬೇತಿಯಲ್ಲಿ ಅವಳಿಗೆ ಹೊಕ್ಕುಳ ಆರೈಕೆ, ತೂಕದ ತಕ್ಕಡಿ, ಥರ್ಮಾಮೀಟರ್ ಎಲ್ಲವನ್ನೂ ಕಲಿಸಬಹುದು. ಈ ಭಯವನ್ನು ಬಿಚ್ಚಿ ನೋಡುವ ಅವಕಾಶ ಕೊಡದಿದ್ದರೆ ಉಳಿದ ಕಲಿಕೆ ಗುಡಿಸಲಿನ ಬಾಗಿಲಲ್ಲಿ ನಿಂತುಬಿಡುತ್ತದೆ.

ಸೂತಕವನ್ನು ಪ್ರಶ್ನಿಸುವುದು ಆಸ್ಪತ್ರೆಯಿಂದ ಬಂದ ಹೊಸ ಮಾತೇನೂ ಅಲ್ಲ ಎಂಬುದನ್ನೂ ನೆನೆಯಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಈ ನೆಲದಲ್ಲೇ ತಿರಸ್ಕರಿಸಿದರು. ಎಡೆಯೂರು, ಗುಬ್ಬಿಗಳ ಶರಣ ಪರಂಪರೆ ನಮ್ಮ ಜಿಲ್ಲೆಯದೇ. ಬದಲಾವಣೆಯ ಮಾತಿಗೆ ಬೇರು ಊರಿನಲ್ಲೇ ಸಿಕ್ಕರೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಉಳಿಸು, ಹೊಂದಿಸು, ಬದಲಿಸು

ಹಾಗಾದರೆ ಆಚಾರಗಳನ್ನೆಲ್ಲ ಒಂದೇ ಏಟಿಗೆ ಮೂಢನಂಬಿಕೆ ಎಂದುಬಿಡಬೇಕೇ? ಮೆಡಲೀನ್ ಲೆನಿಂಗರ್ (1925-2012) ಎಂಬ ಅಮೆರಿಕದ ದಾದಿ ಮಾನವಶಾಸ್ತ್ರವನ್ನೂ ಓದಿದವರು. ರೋಗಿಯ ಸಂಸ್ಕೃತಿಯನ್ನು ಎದುರಿಸುವಾಗ ದಾದಿಗೆ ಮೂರು ದಾರಿಗಳಿವೆ ಎಂದು ಅವರು ಹೇಳಿದರು. ಒಳ್ಳೆಯದನ್ನು ಉಳಿಸುವುದು, ಸ್ವಲ್ಪ ತೊಡಕಿನದನ್ನು ಮಾತುಕತೆಯಿಂದ ಹೊಂದಿಸುವುದು, ಹಾನಿಕಾರಕವಾದುದನ್ನು ಜನರ ಜೊತೆ ಸೇರಿ ಬದಲಿಸುವುದು.

ನೊಣವಿನಕೆರೆ ಸೀಮೆಯ ಬಾಣಂತಿ ಕೋಣೆಗೆ ಇದನ್ನು ಅನ್ವಯಿಸಿ ನೋಡೋಣ. ತಾಯಿಗೆ ವಿಶ್ರಾಂತಿ, ಬೆಚ್ಚಗಿಡುವುದು, ತವರಿನ ಆರೈಕೆ, ರಾಗಿ, ಸೊಪ್ಪು, ಕೊಬ್ಬರಿ ಉಂಡೆ: ಇವನ್ನು ಯಾವ ವೈದ್ಯರೂ ಬೇಡವೆನ್ನಲಾರರು. ಇವು ಉಳಿಯಲಿ. ನೀರಿನ ಲೆಕ್ಕವನ್ನು ಹೊಂದಿಸಬಹುದು. ತಣ್ಣೀರು ಬೇಡವೆಂದರೆ ಕಾಯಿಸಿ ಆರಿಸಿದ ನೀರನ್ನೋ ಜೀರಿಗೆ ನೀರನ್ನೋ ಹೆಚ್ಚು ಕೊಡಲು ಅಜ್ಜಿಯ ಅಡ್ಡಿಯಿಲ್ಲ. ಸಾಂಬ್ರಾಣಿಯನ್ನು ಮಗು ಇಲ್ಲದ ಹೊತ್ತಿನಲ್ಲಿ ಹಾಕಿ ಹೊಗೆ ಹೋದ ಮೇಲೆ ಮಗುವನ್ನು ಒಳತರಬಹುದು. ಆದರೆ ಮೊದಲ ದಿನಗಳ ದಪ್ಪನೆಯ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಸಿಗೆ ಜೇನುತುಪ್ಪವೋ ಸಕ್ಕರೆ ನೀರೋ ನೆಕ್ಕಿಸುವುದು ಬದಲಾಗಲೇಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು, ಆರು ತಿಂಗಳವರೆಗೆ ಅದೊಂದೇ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಮಾತು. ಆ ಹಳದಿ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇದೆ. ಹಸು ಕರು ಹಾಕಿದಾಗ ಗಿಣ್ಣು ಹಾಲನ್ನು ಕರುವಿಗೆ ತಪ್ಪಿಸಬಾರದೆಂದು ಬಲ್ಲ ಅಜ್ಜಿಗೆ ಈ ಮಾತು ಅರ್ಥವಾಗದೆ ಇರದು.

ಹೇಳುವುದು ಮತ್ತು ಹೇರುವುದು

ಆರೋಗ್ಯ ಸಂವರ್ಧನೆ ಎಂದರೆ ಜನರಿಗೆ ಬುದ್ಧಿ ಹೇಳುವುದು ಎಂದೇ ಬಹಳ ಕಾಲ ತಿಳಿಯಲಾಗಿತ್ತು. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಬೇರೊಂದು ಅರ್ಥ ಕೊಟ್ಟಿತು. ಜನರು ತಮ್ಮ ಆರೋಗ್ಯದ ಮೇಲೆ ತಾವೇ ಹಿಡಿತ ಸಾಧಿಸಿ ಅದನ್ನು ಉತ್ತಮಪಡಿಸಿಕೊಳ್ಳಲು ಶಕ್ತರಾಗುವಂತೆ ಮಾಡುವುದೇ ಆರೋಗ್ಯ ಸಂವರ್ಧನೆ ಎಂದಿತು.

ಈ ವ್ಯತ್ಯಾಸದ ಬೆಲೆ ನಮ್ಮ ದೇಶಕ್ಕೆ ಗೊತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಜನನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಜಗತ್ತಿನಲ್ಲೇ ಇದು ಮೊದಲೆಂದು ಹೇಳಲಾಗುತ್ತದೆ. ಬೇಕಾದವರು ಬಂದು ಕೇಳಲಿ ಎಂಬ ವ್ಯವಸ್ಥೆ ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅದೇ ಕುಟುಂಬ ಯೋಜನೆ ಗುರಿ ಮುಟ್ಟುವ ಓಟವಾಯಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಒತ್ತಾಯದ ಆ ನೆನಪು ಎಷ್ಟೋ ಊರುಗಳಲ್ಲಿ ಆರೋಗ್ಯ ಇಲಾಖೆಯ ಜೀಪು ಕಂಡರೆ ಗಂಡಸರು ತೋಟದಲ್ಲಿ ಅಡಗುವಂತೆ ಮಾಡಿತು. ಗುರಿ ನಿಗದಿಪಡಿಸುವ ಪದ್ಧತಿಯನ್ನು ಸರ್ಕಾರ 1996ರಲ್ಲಿ ಕೈಬಿಟ್ಟಿತು.

ಇಂದಿನ ಚಿಕ್ಕ ಉದಾಹರಣೆ ಅಡಿಕೆಯದು. ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಆದರೆ ನೊಣವಿನಕೆರೆಯಲ್ಲಿ ಇದನ್ನು ಹೇಳುವ ದಾದಿ ಯಾರಿಗೆ ಹೇಳುತ್ತಿದ್ದಾಳೆ? ಅಡಿಕೆ ಮಾರಿ ಮಗಳ ಮದುವೆ ಮಾಡಿದವರಿಗೆ, ತಾಂಬೂಲವಿಲ್ಲದೆ ಶುಭಕಾರ್ಯವೇ ಇಲ್ಲ ಎನ್ನುವವರಿಗೆ. ಅವಳ ಮನೆಯ ತೋಟದಲ್ಲೂ ಅಡಿಕೆ ಇರಬಹುದು. ಹೃದ್ರೋಗಿಗೆ 'ಕಾಯಿ ಕಡಿಮೆ ಮಾಡಿ' ಎನ್ನುವುದೂ ಹೀಗೇ. ಕಾಯಿ ಹಾಕದ ಸಾರು ಈ ಊರಿನಲ್ಲಿ ಬಂದ ನೆಂಟರಿಗೆ ಮಾಡಿದ ಅವಮಾನ. ಇಂಥಲ್ಲಿ ಗೋಡೆಯ ಮೇಲಿನ ಭಿತ್ತಿಪತ್ರ ಕೆಲಸ ಮಾಡದು. 'ತಾಂಬೂಲದ ತಟ್ಟೆಯಲ್ಲಿರಲಿ, ದವಡೆಯಲ್ಲಿ ಬೇಡ' ಎಂದೋ, 'ಹಬ್ಬಕ್ಕೆ ಇರಲಿ, ದಿನಕ್ಕೆ ಬೇಡ' ಎಂದೋ ರೋಗಿಯ ಜೊತೆ ಕುಳಿತು ದಾರಿ ಹುಡುಕಬೇಕಾಗುತ್ತದೆ.

ಹುಬ್ಬು ಗಂಟಿಕ್ಕಿದರೆ

ಕೊನೆಯದಾಗಿ ಎಲ್ಲಕ್ಕಿಂತ ಕಷ್ಟದ ಸಂದರ್ಭವೊಂದನ್ನು ನೋಡೋಣ. ಮದುವೆಯಾಗದ ಹುಡುಗಿಯೊಬ್ಬಳು ತಿಂಗಳು ತಪ್ಪಿದೆ ಎಂದು ಸರ್ಕಾರಿ ಆಸ್ಪತ್ರೆಗೆ ಬರುತ್ತಾಳೆ ಎಂದುಕೊಳ್ಳಿ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಕಾನೂನುಬದ್ಧ ಚಿಕಿತ್ಸೆಗೆ ದಾರಿ ಮಾಡಿದೆ. 2021ರ ತಿದ್ದುಪಡಿ, ಗರ್ಭನಿರೋಧಕ ವಿಫಲವಾದ ಸಂದರ್ಭಕ್ಕೆ ಮದುವೆಯ ಷರತ್ತನ್ನೂ ತೆಗೆದಿದೆ. ಹೆಸರು ಗುಟ್ಟಾಗಿರಬೇಕೆಂದು ವಿಧಿಸಿದೆ. ಕಾನೂನು ಎಷ್ಟೇ ಹೇಳಲಿ, ಆ ಹುಡುಗಿ ಮೊದಲು ನೋಡುವುದು ದಾದಿಯ ಮುಖವನ್ನು. ಅಲ್ಲಿ ಹುಬ್ಬು ಗಂಟಿಕ್ಕಿದರೆ, 'ಗಂಡನ ಹೆಸರೇನು' ಎಂಬ ಪ್ರಶ್ನೆ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಬಂದರೆ, ಅವಳು ಹಿಂತಿರುಗುತ್ತಾಳೆ. ಮುಂದೆ ಹೋಗುವುದು ಯಾವುದೋ ನಕಲಿ ವೈದ್ಯನ ಬಳಿಗೆ, ಇಲ್ಲವೇ ಕೆರೆಯ ಕಡೆಗೆ.

ದಾದಿಗೆ ಅವಳದೇ ನೀತಿ ಇರಬಾರದೇ? ಖಂಡಿತ ಇರಬಹುದು. ತನ್ನ ಬದುಕನ್ನು ಆಕೆ ತನ್ನ ನೀತಿಯಂತೆ ನಡೆಸಲಿ. ಯಾವುದಾದರೂ ಕೆಲಸ ಆತ್ಮಸಾಕ್ಷಿಗೆ ಒಗ್ಗದಿದ್ದರೆ ಮೊದಲೇ ಮೇಲಿನವರಿಗೆ ತಿಳಿಸಿ ಬೇರೊಬ್ಬರನ್ನು ನಿಯೋಜಿಸಲು ಕೋರಲಿ. ಆದರೆ ರೋಗಿಗೆ ಶಿಕ್ಷೆ ಕೊಡುವ ಅಧಿಕಾರ ಅವಳಿಗಿಲ್ಲ. ಕುಡಿದು ಬಿದ್ದವನು, ಎಚ್ಐವಿ ಇರುವವರು, ಬೇರೆ ಜಾತಿ ಧರ್ಮದವರು, ನಾಲ್ಕನೆಯ ಬಾರಿ ಹೆರಿಗೆಗೆ ಬಂದವಳು: ಎಲ್ಲರ ವಿಷಯದಲ್ಲೂ ಇದೇ ಮಾತು.

ಇದನ್ನು ದಾದಿಯರ ಮೇಲಷ್ಟೇ ಹೊರಿಸುವುದೂ ನ್ಯಾಯವಲ್ಲ. ಒಬ್ಬಳೇ ಒಂದು ವಾರ್ಡು ನೋಡಿಕೊಳ್ಳುವವಳಿಗೆ, ಸಂಬಳವಲ್ಲದ ಗೌರವಧನ ಮತ್ತು ಪ್ರೋತ್ಸಾಹಧನಕ್ಕೆ ಹತ್ತಾರು ಸಮೀಕ್ಷೆಗಳನ್ನು ಹೊತ್ತ ಆಶಾ ಕಾರ್ಯಕರ್ತೆಗೆ ಕೂತು ಕೇಳುವ ಪುರುಸೊತ್ತು ಎಲ್ಲಿಂದ ಬರಬೇಕು? ಅವರ ಮಾತನ್ನು ಕೇಳುವವರೂ ಬೇಕಲ್ಲ.

'ಶುಶ್ರೂಷೆ' ಎಂಬ ಪದವನ್ನು ನಾವು ಆರೈಕೆ, ಸೇವೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ 'ಶ್ರು' ಧಾತು, ಅಂದರೆ ಕೇಳು. ಶುಶ್ರೂಷೆ ಎಂದರೆ ಮೊದಲ ಅರ್ಥದಲ್ಲಿ ಕೇಳುವ ಬಯಕೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತ ಆಶಾ ಕಾರ್ಯಕರ್ತೆ 'ಕಿಟಕಿ ತೆಗೆಯಿರಿ' ಎನ್ನುವ ಮೊದಲು 'ಯಾಕಜ್ಜಿ ಮುಚ್ಚಿದ್ದೀರಿ?' ಎಂದು ಕೇಳಿದರೆ, ಕೂಸಿಗೆ ಥಂಡಿಯಾದೀತು ಎಂಬ ಉತ್ತರ ಬರುತ್ತದೆ. ಮಗುವನ್ನು ಬೆಚ್ಚಗಿಡಬೇಕು ಎಂಬುದರಲ್ಲಿ ಇಬ್ಬರೂ ಒಂದೇ. ಅಲ್ಲಿಂದ ಮುಂದಿನ ಮಾತು ಸುಲಭ.